ಕಾಫಿ ನಿರ್ಣಾಯಕರ ನಿದ್ರಾಭತ್ಯೆ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಗೃಹ ಕಾಫಿ ತಯಾರಕರ ಪ್ರಥಮ ಸಂಯುಕ್ತ ಸ್ಪರ್ಧೆಯು ಯಾವುದೇ ಅಹಿತಕರ ಘಟನೆಯಿಲ್ಲದೆ, ಯಾವುದೇ ಆಕ್ಷೇಪಣೆಯಿಲ್ಲದೆ, ಹಾಗೂ ಯಾವೊಬ್ಬ ನಿರ್ಣಾಯಕರೂ ಒಂದು ಗುಟುಕು ಕಾಫಿಯನ್ನೂ ಕುಡಿಯದೆ ಯಶಸ್ವಿಯಾಗಿ ಸಂಪನ್ನಗೊಂಡಿತು. ಇದು ಗೃಹಪೇಯ ಕೌಶಲ ಮಂಡಳಿಯ ವಾರ್ಷಿಕ ವರದಿಯ ಮೊದಲ ವಾಕ್ಯ. ಎರಡನೆಯ ವಾಕ್ಯದಲ್ಲಿ ಸರ್ವರಿಗೂ ವಂದನೆ ಸಲ್ಲಿಸಲಾಗಿದೆ. ಮೂರನೆಯ ವಾಕ್ಯ ಇಲ್ಲ. ವರದಿ ಬರೆದವರಿಗೆ ಅಷ್ಟು ಸಾಕೆನಿಸಿರಬಹುದು, ಕೇಳುವವರಿಗೆ ಸಾಲದು. ಆದ್ದರಿಂದ ಉಳಿದದ್ದನ್ನು ಇಲ್ಲಿ ಹೇಳಲಾಗುತ್ತಿದೆ.

ಕೋಲಸಿರ್ಸಿಯ ಅಭಿಜ್ಞಾಳಿಗೆ ಮೂವತ್ತಾರು ವರ್ಷ. ದಿನಾ ಸ್ಕೂಟಿ ಹತ್ತಿ ಸಿದ್ದಾಪುರ ಪೇಟೆಗೆ ಹೋಗಿ, ಕನ್ನಡಕದ ಅಂಗಡಿಯಲ್ಲಿ ಬಂದವರ ಕಣ್ಣು ಪರೀಕ್ಷೆ ಮಾಡುವುದು ಅವಳ ಉದ್ಯೋಗ. ಕೆಲಸವೇನೂ ಕಷ್ಟದ್ದಲ್ಲ. ಗಿರಾಕಿಯ ಮೂಗಿನ ಮೇಲೆ ಕಬ್ಬಿಣದ ಚೌಕಟ್ಟು ಏರಿಸಿ, ಒಂದು ಗಾಜು ಹಾಕಿ ಇದು ಸರಿ ಕಾಣ್ತಾ ಎಂದು ಕೇಳಬೇಕು, ಅದನ್ನು ತೆಗೆದು ಇನ್ನೊಂದು ಹಾಕಿ ಅಥವಾ ಇದಾ ಎಂದು ಕೇಳಬೇಕು. ಬೇರೆ ಸೀಮೆಗಳಲ್ಲಿ ಜನ ಇದಕ್ಕೆ ಉತ್ತರ ಕೊಡುತ್ತಾರಂತೆ. ಇಲ್ಲಿ ಎರಡಕ್ಕೂ ಒಂದೇ ಮಾತು: "ಅಡ್ಡಿಲ್ಲೆ."

ಅಡ್ಡಿಲ್ಲೆ ಎಂದರೆ ಚೆನ್ನಾಗಿದೆ ಎಂದಲ್ಲ, ಚೆನ್ನಾಗಿಲ್ಲ ಎಂದೂ ಅಲ್ಲ. ಮದುವೆಯ ಊಟ ಅಡ್ಡಿಲ್ಲೆ, ಹೊಸ ಅಳಿಯ ಅಡ್ಡಿಲ್ಲೆ, ಹುಬ್ಬಳ್ಳಿಯಲ್ಲಿ ಮಾಡಿಸಿದ ಮಂಡಿ ಆಪರೇಷನ್ ಅಡ್ಡಿಲ್ಲೆ. ಆ ಮಾತು ಹೇಳಿದವನ ಮೇಲೆ ಮುಂದೆ ಯಾವ ಜವಾಬ್ದಾರಿಯೂ ಬರುವುದಿಲ್ಲ. ಅಭಿಜ್ಞಾಳ ಅಂಗಡಿಯಲ್ಲಿ ಎರಡೂ ಗಾಜಿಗೆ ಅಡ್ಡಿಲ್ಲೆ ಎಂದು ಸಮಾಧಾನದಿಂದ ಎದ್ದುಹೋದ ಹಿರಿಯರೊಬ್ಬರು ಬಾಗಿಲೆಂದು ತಿಳಿದು ಕನ್ನಡಿಯೊಳಗೆ ಹೋಗಲು ನೋಡಿದ್ದರು. ಹಣೆಗೆ ಐಸು ಇಟ್ಟು ನೋವು ಹೇಗಿದೆ ಎಂದು ಕೇಳಿದ್ದಕ್ಕೂ ಅದೇ ಉತ್ತರ ಬಂತು.

ಇಂಥ ಉದ್ಯೋಗದಲ್ಲಿ ಹನ್ನೆರಡು ವರ್ಷ ಕಳೆದವಳಿಗೆ ಖಚಿತವಾದ ಒಂದು ಮಾತು ಕೇಳುವ ಹಸಿವು ಹುಟ್ಟಿದರೆ ಅವಳ ತಪ್ಪಲ್ಲ. ಅದು ಎಲ್ಲಿ ಬೇಕಾದರೂ ಹುಟ್ಟಬಹುದಿತ್ತು, ಕಾಫಿಯಲ್ಲಿ ಹುಟ್ಟಿತು. ಮೊಬೈಲಿನಲ್ಲಿ ಯಾರೋ ಗಡ್ಡದವನು ಕೊಕ್ಕರೆಯ ಕತ್ತಿನಂಥ ಮೂತಿಯ ಕೆಟಲಿನಿಂದ ಸಣ್ಣಗೆ ನೀರು ಹೊಯ್ಯುವುದನ್ನು ನೋಡಿದಳು, ತಾನೂ ಒಂದು ತರಿಸಿದಳು. ಆಮೇಲೆ ಕೈಯಲ್ಲಿ ತಿರುವುವ ಬೀಸುಗಲ್ಲಿನ ಡಬ್ಬಿ ಬಂತು, ಗ್ರಾಮಿನ ಹತ್ತನೇ ಒಂದು ಪಾಲನ್ನೂ ತೋರಿಸುವ ತಕ್ಕಡಿ ಬಂತು, ಥರ್ಮಾಮೀಟರು ಬಂತು. ಹದಿನೈದು ಗ್ರಾಂ ಪುಡಿ, ತೊಂಬತ್ತೆರಡು ಡಿಗ್ರಿ ನೀರು. ಮೊದಲು ನಲವತ್ತು ಗ್ರಾಂ ನೀರು ಹೊಯ್ದು ಮೂವತ್ತು ಸೆಕೆಂಡು ಉಸಿರು ಹಿಡಿದು ನಿಲ್ಲುವುದು, ಪುಡಿ ಉಬ್ಬಿ ಗುಳ್ಳೆ ಬಿಡುತ್ತದೆ. ಆಮೇಲೆ ಉಳಿದ ನೀರು, ಸುತ್ತಿ ಸುತ್ತಿ, ಎರಡೂ ಮುಕ್ಕಾಲು ನಿಮಿಷದೊಳಗೆ. ಹಾಲಿಲ್ಲ, ಸಕ್ಕರೆಯಿಲ್ಲ.

ಮಾಡಿದ ಪ್ರತಿ ಕಪ್ಪನ್ನೂ ಅವಳು ಒಂದು ಉದ್ದ ಪುಸ್ತಕದಲ್ಲಿ ನಂಬರು ಹಾಕಿ ಬರೆದಿಟ್ಟಳು. ಬೀಸಿದ ಅಳತೆ, ನೀರಿನ ಬಿಸಿ, ಹಿಡಿದ ಸಮಯ, ಕೊನೆಯಲ್ಲಿ ಕುಡಿದವರ ಅಭಿಪ್ರಾಯ. ಕುಡಿಯುವವರು ಇಬ್ಬರು: ಗಂಡ ತುಷಾರ, ಅತ್ತೆ ಗಂಗಾ. ತುಷಾರ ಕಪ್ಪನ್ನು ಕೈಗೆ ತೆಗೆದುಕೊಂಡು ಪೇಪರಿನ ಹಿಂದೆ ಹೋದರೆ ಆ ಕಡೆಯಿಂದ ಖಾಲಿ ಕಪ್ಪು ಬರುತ್ತಿತ್ತು. ಅತ್ತೆ ಕಷಾಯದ ಪಕ್ಷದವರು. ಸೊಸೆಯ ಮುಖ ನೋಡಿ ಎರಡು ಗುಟುಕು ಕುಡಿದು ಉಳಿದದ್ದನ್ನು ಕರಿಬೇವಿನ ಬುಡಕ್ಕೆ ಹೊಯ್ಯುತ್ತಿದ್ದರು.

"ಹೆಂಗಿದ್ದು?" ಎಂದು ಅವಳು ಕೇಳುವುದು.

"ಅಡ್ಡಿಲ್ಲೆ," ಎಂದು ಇಬ್ಬರೂ ಹೇಳುವುದು.

ಎರಡು ವರ್ಷದಲ್ಲಿ ನಾನೂರ ಹನ್ನೆರಡು ಕಪ್ಪುಗಳಾದವು. ಅಭಿಪ್ರಾಯದ ಅಂಕಣದಲ್ಲಿ ನಾನೂರ ಹನ್ನೆರಡು ಅಡ್ಡಿಲ್ಲೆಗಳಾದವು. ತಾನೇ ಕುಡಿದು ನೋಡಿದರೆ ಏನೋ ಒಂದು ಕೊಂಚ ಮೂಲೆಯಲ್ಲಿ ತಪ್ಪಿದಂತೆ ಅನಿಸುತ್ತಿತ್ತು. ಏನು ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಕರಿಬೇವಿನ ಗಿಡ ಸೊಂಪಾಗಿ ಬೆಳೆದಿತ್ತು, ಆದರೆ ಅದನ್ನು ಅಭಿಪ್ರಾಯವೆಂದು ಬರೆದುಕೊಳ್ಳಲು ಬರುವುದಿಲ್ಲ.

ಹೀಗಿರುವಾಗ ಪ್ರಕಟಣೆ ಬಂತು. ಗೃಹಪೇಯ ಕೌಶಲ ಮಂಡಳಿ ಎಂಬುದೊಂದು ಇದೆ ಎಂದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ, ಮಂಡಳಿಯ ಕೆಲವು ಸದಸ್ಯರಿಗೂ ತಿಳಿದಿರಲಿಲ್ಲ. ಮೂರು ತಾಲೂಕಿನ ಮನೆಗಳಲ್ಲಿ ಕಾಫಿ ಮಾಡುವವರಿಗೆ ಸ್ಪರ್ಧೆ, ಗೆದ್ದವರು ರಾಜ್ಯಮಟ್ಟಕ್ಕೆ. ನಿಯಮಾವಳಿ ಹತ್ತೊಂಬತ್ತು ಪುಟ. ಅದರಲ್ಲಿ ಅಭಿಜ್ಞಾ ಮತ್ತೆ ಮತ್ತೆ ಓದಿದ್ದು ಏಳನೆಯದನ್ನು.

"ನಿಯಮ ೭: ನಿರ್ಣಾಯಕರು ಪ್ರತಿ ಕಪ್ಪನ್ನೂ ಪೂರ್ತಿಯಾಗಿ ಸೇವಿಸಿ, ತಮ್ಮ ನಿಷ್ಪಕ್ಷಪಾತ ಅಭಿಪ್ರಾಯವನ್ನು ಲಿಖಿತವಾಗಿ, ಸಹಿ ಹಾಗೂ ಮೊಹರಿನೊಂದಿಗೆ ನೀಡತಕ್ಕದ್ದು."

ಪೂರ್ತಿಯಾಗಿ. ಲಿಖಿತವಾಗಿ. ಮೊಹರಿನೊಂದಿಗೆ. ಅವಳಿಗೆ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯಾಯಿತು. ಬಹುಮಾನ ಏನೆಂದು ಅವಳು ಓದಲೇ ಇಲ್ಲ. ಅದೇ ಉತ್ಸಾಹದಲ್ಲಿ ಹನ್ನೊಂದನೆಯ ನಿಯಮವನ್ನೂ ಸರಿಯಾಗಿ ನೋಡಲಿಲ್ಲ. ಸ್ಪರ್ಧಾಳುಗಳು ಮಾತಿನಿಂದಾಗಲಿ, ಸನ್ನೆಯಿಂದಾಗಲಿ, ಮುಖಭಾವದಿಂದಾಗಲಿ ನಿರ್ಣಾಯಕರ ಮೇಲೆ ಯಾವುದೇ ಒತ್ತಾಯ ಹೇರತಕ್ಕದ್ದಲ್ಲ ಎಂದು ಅದು ಹೇಳುತ್ತಿತ್ತು. ಹದಿನಾಲ್ಕನೆಯದಂತೂ ಅವಳಿಗೆ ಸಂಬಂಧಿಸಿದ್ದೇ ಅಲ್ಲ: ಕಾಫಿ ಸೇವನೆಯಿಂದ ನಿದ್ರಾಭಂಗವಾಗುವ ನಿರ್ಣಾಯಕರಿಗೆ ನಿಗದಿತ ನಮೂನೆಯಲ್ಲಿ ಅರ್ಜಿ ಪಡೆದು ನಿದ್ರಾಭತ್ಯೆ ಮಂಜೂರು ಮಾಡತಕ್ಕದ್ದು. ಹತ್ತೊಂಬತ್ತು ಪುಟಗಳಲ್ಲಿ ಎಂಟು ಪುಟ ಈ ಒಂದು ನಿಯಮಕ್ಕೇ ಮೀಸಲಾಗಿತ್ತು.

ಸ್ಪರ್ಧೆಗೆ ಮೊದಲು ಇಪ್ಪತ್ತೊಂದು ದಿನದ ತರಬೇತಿ ಕಡ್ಡಾಯ. ಶಿರಸಿಯ ಮಂಡಳಿಯ ಕಚೇರಿಯ ಮಹಡಿಯಲ್ಲಿ ಹನ್ನೊಂದು ಜನ ಸೇರಿದರು. ಅಭಿಜ್ಞಾಳ ಪಕ್ಕದ ಕುರ್ಚಿಯಲ್ಲಿ ಕಿರವತ್ತಿಯ ಜ್ಯೋತಿ ಎಂಬವಳು ಕೂತಳು. ಹೆದ್ದಾರಿ ಬದಿಯಲ್ಲಿ ಅವಳದೊಂದು ಢಾಬಾ. ಹಗಲೆಲ್ಲ ಲಾರಿಯವರಿಗೆ ಚಹಾ ಮಾಡಿ ಕೊಟ್ಟು, ತನಗೆಂದು ಮಾತ್ರ ಹಿಂದಿನ ಒಲೆಯಲ್ಲಿ ಕಾಫಿ ಮಾಡಿಕೊಳ್ಳುವ ಹೆಂಗಸು. ಅದೂ ಮನೆಯೊಳಗಿನ ಒಲೆಯೇ ಆದ್ದರಿಂದ ಗೃಹ ವಿಭಾಗದಲ್ಲಿ ಅವಳ ಅರ್ಜಿ ಸ್ವೀಕೃತವಾಗಿತ್ತು.

ಮಂಡಳಿಯ ವಿಶೇಷಾಧಿಕಾರಿ ಮಧುಕೇಶ್ವರ ಅವರು ಬನವಾಸಿ ಕಡೆಯವರು. ಉದ್ಘಾಟನೆಯಲ್ಲಿ ಅವರು ತಮ್ಮ ಅರ್ಹತೆಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. "ನಾ ಜೀವನದಾಗ ಕಾಫಿ ಕುಡದಾಂವಲ್ರೀ. ಕುಡದ್ರ ಪಿತ್ತ ಆಗ್ತತಿ. ಅದಕ್ಕಂತನ ನನ್ನ ಈ ಹುದ್ದೆಕ್ಕ ಹಾಕ್ಯಾರ. ಪಕ್ಷಪಾತ ಬರೂ ಮಾತ ಇಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಕೆಳಗಿನ ಹೋಟೆಲಿನಿಂದ ಮಂಡಳಿಯವರಿಗೆ ಚಹಾ ಬಂತು. ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಬಿಲ್ಲಿನಲ್ಲಿ ಅದನ್ನು ತುಲನಾತ್ಮಕ ಪೇಯ ಅಧ್ಯಯನ ಎಂದು ನಮೂದಿಸುತ್ತಿದ್ದರು.

ತರಬೇತಿಗೆ ಕಾಫಿ ಇರಲಿಲ್ಲ. ಬೀಜ ಖರೀದಿಯ ಕಡತ ಮೇಲಿನ ಕಚೇರಿಗೆ ಹೋಗಿತ್ತು. ಇಪ್ಪತ್ತನೆಯ ದಿನ ಅದು ವಾಪಸು ಬಂತು, ಕಾಫಿ ಸ್ಪರ್ಧೆಗೆ ಕಾಫಿಯ ಅಗತ್ಯವೇನೆಂದು ಸಮರ್ಥಿಸುವ ಟಿಪ್ಪಣಿಯನ್ನು ಮೂರು ಪ್ರತಿಗಳಲ್ಲಿ ಕೇಳಿಕೊಂಡು. ಅಲ್ಲಿಯವರೆಗೆ ಹನ್ನೊಂದು ಜನರೂ ಬಿಸಿನೀರನ್ನು ಕಪ್ಪಿನಿಂದ ಕಪ್ಪಿಗೆ ಹೊಯ್ದು ಅಭ್ಯಾಸ ಮಾಡಿದ್ದರು. ವಿದೇಶದಿಂದ ತರಿಸಿದ ಯಂತ್ರವೊಂದಿತ್ತು, ಆಲ್ಮೇರಿನಷ್ಟು ದೊಡ್ಡದು. ಅದರ ಪ್ಲಗ್ಗು ಆ ಕಟ್ಟಡದ ಯಾವ ತೂತಿಗೂ ಹೊಂದದ ಕಾರಣ ಅರಿಶಿನ ಕುಂಕುಮ ಹಚ್ಚಿ ಮೂಲೆಗೆ ನಿಲ್ಲಿಸಿದ್ದರು. ಬಂದವರು ಚಪ್ಪಲಿ ಕಳಚಿ ಅದರ ಮುಂದೆ ಹಾದುಹೋಗುತ್ತಿದ್ದರು.

ತರಬೇತುದಾರ ಚನ್ನಯ್ಯನವರು ಅನುಭವಸ್ಥರು. ಹಿಂದೆ ಮೇಣದಬತ್ತಿ, ಫಿನಾಯಿಲು ಮತ್ತು ಅಣಬೆ ತಯಾರಿಕೆಯಲ್ಲಿ ಸಾವಿರಾರು ಜನರಿಗೆ ತರಬೇತಿ ಕೊಟ್ಟವರು. ಹೊಸ ಪಾಠ ಬರೆಯಲು ಅನುಮೋದನೆ ಇಲ್ಲದ ಕಾರಣ, ಅಣಬೆಯ ಪಾಠದಲ್ಲಿ ಅಣಬೆ ಎಂದಿದ್ದಲ್ಲೆಲ್ಲ ಕಾಫಿ ಎಂದು ತಿದ್ದಿಕೊಂಡು ಬಂದಿದ್ದರು. "ಕಾಫಿಗೆ ಬೆಳಕು ಆಗುವುದಿಲ್ಲ. ಒದ್ದೆ ಹುಲ್ಲಿನಲ್ಲಿ ಮುಚ್ಚಿ ಕತ್ತಲೆ ಕೋಣೆಯಲ್ಲಿಟ್ಟರೆ ಹದಿನೆಂಟನೆಯ ದಿನಕ್ಕೆ ಕಾಫಿ ಕೊಡೆ ಬಿಚ್ಚುತ್ತದೆ. ಬರೆದುಕೊಳ್ಳಿ," ಎಂದರು. ಹನ್ನೊಂದು ಜನರೂ ಬರೆದುಕೊಂಡರು.

ಕೊನೆಯ ದಿನ ಲಿಖಿತ ಪರೀಕ್ಷೆ. ಉತ್ತಮ ಕಾಫಿಗೆ ಬೇಕಾದ ಉಷ್ಣಾಂಶ ಎಷ್ಟು ಎಂಬ ಪ್ರಶ್ನೆಗೆ ಅಭಿಜ್ಞಾ ತೊಂಬತ್ತೆರಡು ಡಿಗ್ರಿ ಎಂದು ಬರೆದಳು. ಚನ್ನಯ್ಯನವರು ಅವಳನ್ನು ಕರೆದು, ಪ್ರೀತಿಯಿಂದಲೇ, ಅಣಬೆಯ ಪಾಠದಲ್ಲಿದ್ದಂತೆ ಇಪ್ಪತ್ತನಾಲ್ಕು ಎಂದು ತಿದ್ದಲು ಹೇಳಿದರು. ತಿದ್ದದಿದ್ದರೆ ಅನುತ್ತೀರ್ಣಳಾಗಿ ಸ್ಪರ್ಧೆಗೇ ಪ್ರವೇಶವಿಲ್ಲ. ಏಳನೆಯ ನಿಯಮವನ್ನು ನೆನೆಸಿಕೊಂಡು ಅವಳು ತಿದ್ದಿದಳು. ಪ್ರಥಮ ದರ್ಜೆಯಲ್ಲಿ ಪಾಸಾದಳು. ಜ್ಯೋತಿ ತಾನಾಗಿಯೇ ಇಪ್ಪತ್ತನಾಲ್ಕು ಎಂದು ಬರೆದಿದ್ದಳು. "ಅಂವಗ ಬೇಕಾದ್ದ ಅಂವಗ ಕೊಟ್ಟೆ," ಎಂದಳು. "ಢಾಬಾದಾಗೂ ಹಂಗ."

ಸ್ಪರ್ಧೆಯ ದಿನ ಕಲ್ಯಾಣ ಮಂಟಪವೊಂದರಲ್ಲಿ ವೇದಿಕೆ ಕಟ್ಟಿದ್ದರು. ಯಂತ್ರವನ್ನೂ ಹೊತ್ತು ತಂದು ಹಾರ ಹಾಕಿದ್ದರು. ಸ್ಪರ್ಧಾಳುಗಳು ತಂತಮ್ಮ ಸ್ಟೋವು, ಬೀಜ, ನೀರು ತಂದುಕೊಂಡಿದ್ದರು. ತಾಲೂಕಿಗೊಬ್ಬರಂತೆ ಮೂವರು ನಿರ್ಣಾಯಕರು. ಯಲ್ಲಾಪುರದಿಂದ ವಜ್ರಳ್ಳಿಯ ಗಣಪ ಹೆಗಡೆಯವರು, ಯಾವ ಆಮಂತ್ರಣವನ್ನೂ ತಪ್ಪಿಸದ ಗೃಹಸ್ಥರು. ಶಿರಸಿಯಿಂದ ನಿವೃತ್ತ ಮುಖ್ಯಾಧ್ಯಾಪಕಿ ಅನ್ನಪೂರ್ಣವ್ವ. ಸಿದ್ದಾಪುರದಿಂದ ನಿವೃತ್ತ ಬಸ್ ಕಂಡಕ್ಟರ್ ಮಡಿವಾಳಪ್ಪ. ಮೂವರೂ ನಿದ್ರಾಭತ್ಯೆಯ ನಮೂನೆಯನ್ನು ಮುಂಚಿತವಾಗಿಯೇ ಭರ್ತಿ ಮಾಡಿ ಜೇಬಿನಲ್ಲಿ, ಚೀಲದಲ್ಲಿ ಇಟ್ಟುಕೊಂಡು ಬಂದಿದ್ದರು.

ಮೊದಲ ಸರದಿ ಅಭಿಜ್ಞಾಳದು. ನೀರು ಸಣ್ಣಗೆ, ಒಂದೇ ಸಮ ಇಳಿಯಿತು. ಎರಡು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಸಿ, ಮೂರು ಕಪ್ಪು ತುಂಬಿ, ಟ್ರೇಯಲ್ಲಿಟ್ಟು ನಿರ್ಣಾಯಕರ ಮುಂದೆ ಇಳಿಸಿದಳು. ಪರಿಮಳ ಹಿಂದಿನ ಸಾಲಿನವರೆಗೂ ಹೋಯಿತು. ಗಣಪ ಹೆಗಡೆಯವರ ಮೂಗು ಅರಳಿತು. ಅವರು ಎರಡು ಬೆರಳಿನಿಂದ ಕಪ್ಪನ್ನು ತುಸು ಆಚೆ ಸರಿಸಿದರು.

"ಎಂಗೆ ಬ್ಯಾಡ ತಂಗಿ. ಈಗಷ್ಟೇ ಮನೇಲಿ ಕುಡ್ಕಂಡು ಬೈಂದಿ."

ಇದರಲ್ಲಿ ಹೆಗಡೆಯವರದೇನೂ ತಪ್ಪಿಲ್ಲ. ಈ ಮೂರು ತಾಲೂಕಿನಲ್ಲಿ ಮನೆಗೆ ಬಂದವರಿಗೆ ಕುಡಿಯಲು ಕೊಡುವುದೂ, ಬಂದವರು ಬೇಡವೆನ್ನುವುದೂ ಹುಟ್ಟಿನಿಂದ ಬಂದದ್ದು. ಬೇಡವೆಂದವರನ್ನು ಒತ್ತಾಯಿಸಬೇಕು. ಅವರು ಇನ್ನೊಮ್ಮೆ, ಸ್ವಲ್ಪ ಮೆತ್ತಗೆ, ಬೇಡವೆನ್ನಬೇಕು. ಮತ್ತೊಮ್ಮೆ ಒತ್ತಾಯಿಸಬೇಕು. ಆಗ ಅವರು ಹಂಗಾರೆ ಅರ್ಧ ಕೊಡಿ ಎನ್ನುತ್ತಾರೆ. ಕೇಳಿದ ಕೂಡಲೇ ಆಗಲಿ ಎಂದವನು ಈ ಸೀಮೆಯಲ್ಲಿ ಒಬ್ಬನೇ, ಹೊರಗಿನಿಂದ ವರ್ಗವಾಗಿ ಬಂದ ಬ್ಯಾಂಕಿನ ಮ್ಯಾನೇಜರು. ಅವನು ಹೋಗಿ ಹದಿನೈದು ವರ್ಷವಾದರೂ ಮನೆಗಳಲ್ಲಿ ಅವನ ಮಾತು ಬಂದರೆ ದನಿ ತಗ್ಗಿಸುತ್ತಾರೆ.

ಒಂಚೂರು ತಗಳಿ ಎಂಬ ಮಾತು ಅಭಿಜ್ಞಾಳ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಹನ್ನೊಂದನೆಯ ನಿಯಮ ನೆನಪಾಯಿತು. ಬಾಯಿ ಮುಚ್ಚಿದಳು. ಮುಖಭಾವವೂ ನಿಷಿದ್ಧವಾದ್ದರಿಂದ ಗೋಡೆ ನೋಡುತ್ತ ನಿಂತಳು.

ಹೆಗಡೆಯವರು ಕಾದರು. ಯಾರೂ ಒತ್ತಾಯಿಸಲಿಲ್ಲ. "ಬ್ಯಾಡ, ಬ್ಯಾಡ," ಎಂದು ತಾವಾಗಿಯೇ ಎರಡನೆಯ ಸಲವೂ ಅಂದು ನೋಡಿದರು. ಗಂಟಲು ಮೇಲೆ ಕೆಳಗೆ ಆಡಿತು.

"ನನಗೂ ಬ್ಯಾಡವ್ವಾ, ಅವರಿಗೆ ಕೊಡು," ಎಂದರು ಅನ್ನಪೂರ್ಣವ್ವ.

"ಅವರಿಬ್ರು ಕುಡೀದೆ ನಾನೊಬ್ಬ ಹೆಂಗೆ ಕುಡಿಯೋದು?" ಎಂದರು ಮಡಿವಾಳಪ್ಪ.

ಮೂರು ಕಪ್ಪುಗಳಿಂದಲೂ ಹಬೆ ಏಳುತ್ತಿತ್ತು. ಅಭಿಜ್ಞಾ ಕಣ್ಣಂಚಿನಲ್ಲಿ ಥರ್ಮಾಮೀಟರು ನೋಡಿದಳು. ಎಪ್ಪತ್ತೊಂದು. ಐವತ್ತೆಂಟು. ಹಬೆ ನಿಂತಿತು. ನಲವತ್ತು. ಎರಡು ವರ್ಷ ಒಬ್ಬರ ಮಾತಿಗಾಗಿ ಕಾದಿದ್ದಳು, ಆ ಮಾತು ಒಂದು ಗೇಣು ದೂರದಲ್ಲಿ ಆರುತ್ತಿತ್ತು. ಅವಳಿಗೆ ಅಳು ಬಂತು. ಅದೂ ಮುಖಭಾವವೇ ಆಗುತ್ತದೆಂದು ನುಂಗಿಕೊಂಡಳು.

ಮಧುಕೇಶ್ವರ ಅವರು ತುರ್ತು ಸಭೆ ಕರೆದರು. ಚಹಾ ಬಂತು. ಚಹಾ ಮುಗಿದ ಮೇಲೆ ಮೈಕಿನಲ್ಲಿ ಆದೇಶ ಓದಿದರು: "ಸ್ಪರ್ಧಾಳುಗಳಿಗೆ ಒತ್ತಾಯ ನಿಷಿದ್ಧವಾಗಿರುವುದರಿಂದಲೂ, ಒತ್ತಾಯವಿಲ್ಲದೆ ಸೇವನೆ ಸಾಧ್ಯವಿಲ್ಲವೆಂದು ಮಂಡಳಿಗೆ ಮನದಟ್ಟಾಗಿರುವುದರಿಂದಲೂ, ಶ್ರೀ ಚನ್ನಯ್ಯನವರನ್ನು ಈ ಕ್ಷಣದಿಂದ ಅಧಿಕೃತ ಒತ್ತಾಯಗಾರರನ್ನಾಗಿ ನೇಮಿಸಲಾಗಿದೆ. ಸದರಿಯವರು ಪ್ರತಿ ಸರದಿಗೆ ಎರಡು ಬಾರಿ, ಸಮಾನ ಧ್ವನಿಯಲ್ಲಿ, ಯಾವುದೇ ಮಮಕಾರವಿಲ್ಲದೆ ಒತ್ತಾಯಿಸತಕ್ಕದ್ದು."

ಚನ್ನಯ್ಯನವರು ಎದ್ದು ಬಂದು, ಅಭಿಜ್ಞಾಳ ಆರಿದ ಕಪ್ಪುಗಳ ಮುಂದೆ ನಿಂತು, ಎದುರಿನ ಕಂಬವನ್ನು ನೋಡುತ್ತ, "ತಗೊಳ್ಳಿ. ತಗೊಳ್ಳಿ," ಎಂದರು.

"ಇಷ್ಟೆಲ್ಲ ಹೇಳ್ತ್ರಿ ಅಂದ್ರೆ ಹಂಗಾರೆ ಅರ್ಧ ಕೊಡಿ," ಎಂದರು ಗಣಪ ಹೆಗಡೆಯವರು, ಜೀವ ಬಂದವರಂತೆ.

ಅರ್ಧಕ್ಕೆ ನಿಯಮದಲ್ಲಿ ಅವಕಾಶವಿರಲಿಲ್ಲ. ಏಳನೆಯದು ಪೂರ್ತಿಯಾಗಿ ಎಂದು ಸ್ಪಷ್ಟವಾಗಿ ಹೇಳಿತ್ತು. ಪೂರ್ತಿ ಕಪ್ಪು ತೆಗೆದುಕೊಳ್ಳಿ ಎಂದು ಅಧಿಕಾರಿಗಳು ಕೇಳಿಕೊಂಡಾಗ ಹೆಗಡೆಯವರ ಮುಖ ಕೆಂಪಾಯಿತು. ತುಂಬಿದ ಲೋಟ ಕಂಡ ಕೂಡಲೇ ಎತ್ತಿ ಕುಡಿಯುವಂಥ, ಏನೂ ಕಾಣದ ಮನೆಯಿಂದ ತಾವು ಬಂದವರಲ್ಲ ಎಂದು ತಿಳಿಸಿದರು. ಅನ್ನಪೂರ್ಣವ್ವ ಅದನ್ನು ಅನುಮೋದಿಸಿದರು. ಅರ್ಧ ಕಪ್ಪಿನ ಬಗ್ಗೆ ಸ್ಪಷ್ಟೀಕರಣ ಕೋರಿ ಮೇಲಿನ ಕಚೇರಿಗೆ ಪತ್ರ ಹೋಯಿತು. ಅದರ ಉತ್ತರ ಬರುವವರೆಗೆ ಸ್ಪರ್ಧೆ ಮುಂದುವರಿಸಲು ತೀರ್ಮಾನವಾಯಿತು. ಮುಂದುವರಿಯಿತು. ಹನ್ನೊಂದು ಜನ ಮಾಡಿದರು, ಚನ್ನಯ್ಯನವರು ಇಪ್ಪತ್ತೆರಡು ಬಾರಿ ಒತ್ತಾಯಿಸಿದರು, ಮೂವತ್ತಮೂರು ಕಪ್ಪು ಸಾಲಾಗಿ ತಣ್ಣಗಾದವು. ನಿರ್ಣಾಯಕರು ಪರಿಮಳ, ಹುಳಿ, ಮೈ ಅಂದರೆ ಗಟ್ಟಿತನ, ಬಾಯಲ್ಲಿ ಉಳಿಯುವ ರುಚಿ ಎಂಬ ನಾಲ್ಕು ಅಂಕಣಗಳಲ್ಲೂ ಅಡ್ಡಿಲ್ಲೆ ಎಂದು ಬರೆದು ಸಹಿ ಮಾಡಿ ಮೊಹರು ಒತ್ತಿದರು. ಎಲ್ಲರಿಗೂ.

ಮಂಟಪದ ಹಿಂದೆ ಪಾತ್ರೆ ತೊಳೆಯುವ ಕಟ್ಟೆ. ಅಭಿಜ್ಞಾ ತನ್ನ ಮೂರು ಕಪ್ಪು ತಂದು ಚರಂಡಿಗೆ ಚೆಲ್ಲಲು ಬಗ್ಗಿದಾಗ ಜ್ಯೋತಿ ಅವಳ ಕೈ ಹಿಡಿದಳು.

"ಏ, ಚೆಲ್ಲಬ್ಯಾಡ ತಗಿ, ಇಲ್ಲಿ ಕೊಡು."

ಬೇಡ ಎನ್ನಲಿಲ್ಲ, ಒತ್ತಾಯಕ್ಕೆ ಕಾಯಲಿಲ್ಲ, ಅರ್ಧ ಎನ್ನಲಿಲ್ಲ. ನಿಂತಲ್ಲೇ ಒಂದು ಕಪ್ಪು ಪೂರ್ತಿ ಕುಡಿದಳು. ನಾಲಿಗೆಯನ್ನು ಬಾಯಲ್ಲಿ ಒಂದು ಸುತ್ತು ತಿರುಗಿಸಿದಳು.

"ಬಾಯಾಗ ಇಟ್ಟ ಕೂಡ್ಲೆ ಹುಳಿ ಹೊಡೀತತಿ. ಪುಡಿ ಇನ್ನೊಂದ ಚೂರ ಸಣ್ಣ ಬೀಸಬೇಕಿತ್ತ ನೀ, ರಸ ಪೂರ್ತಿ ಇಳದಿಲ್ಲ. ಆದ್ರ ಹಿಂದಿಂದ ಕಿತ್ತಳಿ ಸಿಪ್ಪಿ ಜಗದಂಗ ಒಂದ ರುಚಿ ಬರ್ತತಿ ನೋಡು, ಅದ ಭಾಳ ಚೊಲೋ ಐತಿ. ಆರಿದ ಮ್ಯಾಲೂ ಹೋಗಿಲ್ಲ ಅದು."

ಅಭಿಜ್ಞಾ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಎರಡು ವರ್ಷದಿಂದ ಮೂಲೆಯಲ್ಲಿ ತಪ್ಪುತ್ತಿದ್ದದ್ದು ಇದೇ. ಚೀಲದಿಂದ ಪುಸ್ತಕ ತೆಗೆದು ನಾನೂರ ಹದಿಮೂರು ಎಂದು ನಂಬರು ಹಾಕಿ, ಜ್ಯೋತಿ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಳು. ಕೆಳಗೆ ಜ್ಯೋತಿಯ ಸಹಿ ಹಾಕಿಸಿಕೊಂಡಳು. ಅಂಥ ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಒಳಗೆ ಹನ್ನೊಂದು ಜನರಿಗೂ ಸಮಾನ ಅಂಕ ಬಂದು ಮಂಡಳಿ ಕಷ್ಟದಲ್ಲಿತ್ತು. ಆಗ ಮಧುಕೇಶ್ವರ ಅವರಿಗೆ ಅಭಿಜ್ಞಾಳ ಅರ್ಜಿಯಲ್ಲಿ ಅಭ್ಯಾಸ ಪುಸ್ತಕ ಎಂದು ನಮೂದಾಗಿದ್ದು ಕಂಡಿತು. ತರಿಸಿ ನೋಡಿದರು. ನಾನೂರ ಹನ್ನೆರಡು ಲಿಖಿತ ಅಭಿಪ್ರಾಯಗಳು, ಎಲ್ಲವೂ ನಿರ್ಣಾಯಕರು ಇವತ್ತು ಕೊಟ್ಟದ್ದಕ್ಕೆ ಸರಿಯಾಗಿ ತಾಳೆಯಾಗುವಂಥವು. ಇಷ್ಟು ಒಮ್ಮತದ ದಾಖಲೆ ಮಂಡಳಿಯ ಸಭಾ ನಡಾವಳಿಯಲ್ಲೂ ಇರಲಿಲ್ಲ. ಅವರು ಆನಂದದಿಂದ ಹಾಳೆ ತಿರುವುತ್ತ ಕೊನೆಗೆ ಬಂದು ನಿಂತರು.

"ಬರ್ರಿ ಅಭಿಜ್ಞಾ ಅವರ, ಕುಂದರ್ರಿ. ಫಸ್ಟ್ ಪ್ರೈಜ್ ನಿಮಗನ ಕೊಡೂದು ಅಂತ ಆಗೇತಿ. ಆದ್ರ ಈ ನಾನೂರಾ ಹದಿಮೂರು ತೊಡಕ ಮಾಡ್ತತಿ. ಹುಳಿ ಅಂತ ಬರದೀರಿ. ಅದೂ ಸ್ಪರ್ಧಾಳು ಒಬ್ಬಾಕಿ ಹೇಳಿದ್ದು, ಅನಧಿಕೃತ."

"ಅದೊಂದೇ ನಿಜದ್ದು ಸರ್," ಎಂದಳು ಅಭಿಜ್ಞಾ.

"ಇರಬಹುದು. ನಿಜ ಅಂತ ಕಾಲಮ್ ಇಲ್ಲಲ್ರೀ ಇದರಾಗ. ಇದನ್ನ ಹೊಡದ ಹಾಕಿ ಬಾಜೂಕ ಒಂದ ಸಹಿ ಮಾಡ್ರಿ. ರಾಜ್ಯಮಟ್ಟಕ್ಕ ಹೋಗ್ರಿ. ಅಲ್ಲಿ ಹೊರಗಿನ ನಿರ್ಣಾಯಕರು, ಪೂರ್ತಿ ಕುಡದ, ಬರದ ಕೊಡ್ತಾರ."

ಅವಳು ತುಂಬ ಹೊತ್ತು ಯೋಚಿಸಿದಳು ಎಂದು ಹೇಳಬಹುದು, ಆದರೆ ಹೇಳಿದರೆ ಸುಳ್ಳಾದೀತು. ಪೂರ್ತಿಯಾಗಿ, ಲಿಖಿತವಾಗಿ, ಮೊಹರಿನೊಂದಿಗೆ. ಜ್ಯೋತಿಯದು ಢಾಬಾದ ಮಾತು, ಮೊಹರಿಲ್ಲ. ಅಧಿಕಾರಿಗಳು ಕೆಂಪು ಶಾಯಿಯಲ್ಲಿ ಗೀಟು ಎಳೆದರು, ಅವಳು ಪಕ್ಕದಲ್ಲಿ ಸಹಿ ಮಾಡಿದಳು. ಅದೇ ಮೇಜಿನ ಮೇಲೆ ಮೂವರು ನಿರ್ಣಾಯಕರ ನಿದ್ರಾಭತ್ಯೆಯ ಅರ್ಜಿಗಳೂ ಮಂಜೂರಾದವು. ಕಾರಣದ ಅಂಕಣದಲ್ಲಿ ಮೂವರೂ ಕಾಫಿ ಸೇವನೆ ಎಂದು ಬರೆದಿದ್ದರು.

ಮಾರನೆಯ ಬೆಳಿಗ್ಗೆ ಅಭಿಜ್ಞಾ ಪುಡಿಯನ್ನು ಒಂದು ಚೂರು ಸಣ್ಣಗೆ ಬೀಸಿದಳು. ಹುಳಿ ಮಾಯವಾಗಿತ್ತು. ಕಿತ್ತಳೆ ಸಿಪ್ಪೆ ಬಾಯಿ ತುಂಬ ಬಂತು. ಓಡಿಹೋಗಿ ತುಷಾರನ ಪೇಪರು ಸರಿಸಿ ಕೈಗೆ ಕಪ್ಪು ಕೊಟ್ಟಳು. ಅವನು ಕುಡಿದ.

"ಏನಾದ್ರೂ ಫರಕು ಕಂಡ್ತಾ?"

"ಎಂತ? ಮೊದ್ಲೂ ಅಡ್ಡಿಲ್ಲೆ, ಈಗ್ಲೂ ಅಡ್ಡಿಲ್ಲೆ," ಎಂದ ಅವನು.

ರಾಜ್ಯಮಟ್ಟದ ಸ್ಪರ್ಧೆ ನಡೆಯಲಿಲ್ಲ, ಅಥವಾ ನಡೆಯಿತು. ಶಿರಸಿಯಲ್ಲಿ ಕಾಫಿ, ಹಾಲು, ವಿದ್ಯುತ್ತು ಯಾವುದೂ ವ್ಯಯವಾಗದೆ, ಒಂದೂ ದೂರು ಬರದೆ ಸ್ಪರ್ಧೆ ಮುಗಿದ ಸುದ್ದಿ ಮೇಲಿನ ಕಚೇರಿಗೆ ತಲುಪಿ ಬಹಳ ಮೆಚ್ಚುಗೆಯಾಗಿತ್ತು. ಶಿರಸಿ ಮಾದರಿ ಎಂದು ಹೆಸರಿಟ್ಟು ಅದನ್ನೇ ರಾಜ್ಯಮಟ್ಟವೂ ಸೇರಿ ಎಲ್ಲ ಕಡೆ ಜಾರಿಗೆ ತಂದರು. ನಿಯಮ ಏಳಕ್ಕೆ ತಿದ್ದುಪಡಿಯಾಗಿ, ಸೇವಿಸಿ ಎಂಬಲ್ಲಿ ಪರಿಗಣಿಸಿ ಎಂದಾಯಿತು. ಅಭಿಜ್ಞಾಳ ಹೆಸರಿಗೆ ಅಂಚೆಯಲ್ಲಿ ಚೌಕಟ್ಟು ಹಾಕಿದ ಪ್ರಮಾಣಪತ್ರ ಬಂತು. ಅವಳು ಬಯಸಿದಂತೆಯೇ ಅದು ಲಿಖಿತವಾಗಿತ್ತು, ಸಹಿಯಿತ್ತು, ಮೊಹರಿತ್ತು. ನಡುವೆ ಚಿನ್ನದ ಅಕ್ಷರದಲ್ಲಿ ಹೀಗೆ ಅಚ್ಚಾಗಿತ್ತು: "ಇವರ ಕಾಫಿಗೆ ಅಡ್ಡಿಯಿಲ್ಲ." ಅತ್ತೆ ಅದನ್ನು ದೇವರ ಕೋಣೆಯ ಬಾಗಿಲ ಮೇಲೆ ತೂಗುಹಾಕಿಸಿದರು. ಜೊತೆಗೆ ಇನ್ನೊಂದು ಪತ್ರವಿತ್ತು. ಮುಂದಿನ ವರ್ಷಕ್ಕೆ ಸಿದ್ದಾಪುರ ತಾಲೂಕಿನ ನಿರ್ಣಾಯಕಿಯಾಗಿ ಅವಳನ್ನು ನೇಮಿಸಲಾಗಿತ್ತು.

ಮುಂದಿನ ವರ್ಷ ಅದೇ ಮಂಟಪ, ಅದೇ ಯಂತ್ರ, ಹೊಸ ಹಾರ. ಅಭಿಜ್ಞಾ ಬೆಳಿಗ್ಗೆಯಿಂದ ಏನೂ ಕುಡಿಯದೆ ಹೋಗಿದ್ದಳು. ಯಾರು ಏನೇ ಅನ್ನಲಿ, ತಾನು ಕುಡಿಯುವುದೇ, ಕುಡಿದು ಇದ್ದದ್ದನ್ನು ಇದ್ದಂತೆ ಹೇಳುವುದೇ ಎಂದು ಸ್ಕೂಟಿಯ ಮೇಲೆ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಿದ್ದಳು. ನಾಲ್ಕನೆಯ ಸರದಿ ಜ್ಯೋತಿಯದು.

ಜ್ಯೋತಿ ಕಪ್ಪು ತಂದಿಟ್ಟು ಕೈ ಹಿಂದೆ ಕಟ್ಟಿ ನಿಂತಳು. ಅಭಿಜ್ಞಾಳ ಮೂಗಿಗೆ ಮೊದಲು ಹುರಿದ ಬೆಲ್ಲ ಬಂತು, ಅದರ ಕೆಳಗೆ ಲವಂಗ. ನೀರು ಒಂದೆರಡು ಡಿಗ್ರಿ ಹೆಚ್ಚಾಗಿದೆ, ಕೊನೆಯಲ್ಲಿ ಚೂರು ಸೀದ ವಾಸನೆ ಇದೆ, ಅದೊಂದು ಬಿಟ್ಟರೆ ಎದ್ದು ಕೈ ಮುಗಿಯುವಂಥ ಕಾಫಿ. ಇಷ್ಟನ್ನೂ ಹೇಳಬೇಕು. ಹೇಳಲು ಕುಡಿಯಬೇಕು. ಪಕ್ಕದಲ್ಲಿ ಗಣಪ ಹೆಗಡೆಯವರು ತಮ್ಮ ಕಪ್ಪನ್ನು ಎರಡು ಬೆರಳಿನಿಂದ ಸರಿಸಿ ಆಗಿತ್ತು. ಅನ್ನಪೂರ್ಣವ್ವ ಬೇಡವ್ವಾ ಎಂದಾಗಿತ್ತು. ಇಬ್ಬರೂ ತಿರುಗಿ ಅವಳ ಕಡೆ ನೋಡಿದರು. ಇಬ್ಬರು ಹಿರಿಯರು ಬೇಡವೆಂದ ಕಡೆ ಇವಳೊಬ್ಬಳು ಹೇಗೆ ಕೈಚಾಚುತ್ತಾಳೋ ನೋಡೋಣ ಎಂಬಂತೆ. ಅವಳ ಕೈ ಕಪ್ಪಿನ ಕೆಳಗಿನ ಬಸಿಯವರೆಗೆ ಹೋಯಿತು.

"ಎಂಗೆ ಬ್ಯಾಡ ಜ್ಯೋತಿ. ಈಗಷ್ಟೇ ಕುಡ್ಕಂಡು ಬೈಂದಿ," ಎಂದಿತು ಅವಳ ಬಾಯಿ.

ಅಂದ ಮೇಲೆ ಅವಳು ಕಾದಳು. ಒಂದೇ ಒಂದು ಸಲ ತಗೊಳ್ಳಿ ಎಂದರೂ ಸಾಕು, ಪೂರ್ತಿ ಕುಡಿಯಲು ಸಿದ್ಧಳಿದ್ದಳು. ಅಧಿಕೃತ ಒತ್ತಾಯಗಾರರ ಕುರ್ಚಿ ಖಾಲಿಯಿತ್ತು, ಚನ್ನಯ್ಯನವರು ಅಣಬೆ ತರಬೇತಿಗೆಂದು ಹಳಿಯಾಳಕ್ಕೆ ಹೋಗಿದ್ದರು. ಜ್ಯೋತಿ ಬಾಯಿ ತೆರೆದಳು, ಹನ್ನೊಂದನೆಯ ನಿಯಮ ನೆನಪಾಗಿ ಮುಚ್ಚಿದಳು. ಹಬೆ ನಿಂತಿತು. ಅಭಿಜ್ಞಾ ಪೆನ್ನು ತೆಗೆದು ನಾಲ್ಕೂ ಅಂಕಣಗಳಲ್ಲಿ ಅಡ್ಡಿಲ್ಲೆ ಎಂದು ಬರೆದಳು.

ಟ್ರೇ ಎತ್ತುವಾಗ ಜ್ಯೋತಿ ಮೆತ್ತಗೆ, ಬೇರೆಯವರಿಗೆ ಕೇಳದಂತೆ ಹೇಳಿದಳು. "ನೀನಾದ್ರೂ ಕುಡೀತಿ ಅನಕೊಂಡಿದ್ದೆ."

ಆ ರಾತ್ರಿ ಅಭಿಜ್ಞಾಳಿಗೆ ನಿಜವಾಗಿಯೂ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ನಿದ್ರಾಭತ್ಯೆಯ ನಮೂನೆ ಭರ್ತಿ ಮಾಡಿದಳು. ಕಾರಣದ ಅಂಕಣದಲ್ಲಿ, ಕುಡಿಯಬೇಕಾಗಿದ್ದ ಕಾಫಿಯನ್ನು ಕುಡಿಯದೇ ಇದ್ದುದರಿಂದ ಎಂದು ಬರೆದಳು. ಮಂಡಳಿಯ ಚರಿತ್ರೆಯಲ್ಲಿ ನಿಜವಾದ ನಿದ್ರಾಭಂಗಕ್ಕೆ ಸಲ್ಲಿಕೆಯಾದ ಮೊದಲ ಅರ್ಜಿ ಅದು. ಒಂದು ವಾರದಲ್ಲಿ ವಾಪಸು ಬಂತು. ನಮೂದಿಸಿದ ಕಾರಣ ನಿಯಮಾನುಸಾರವಾಗಿಲ್ಲ ಎಂದು ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು.

ಅವಳು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಕಾಫಿ ಸೇವನೆಯಿಂದ ಎಂದು ತಿದ್ದಿ ಕಳಿಸಿದಳು. ಮೂರನೆಯ ದಿನ ಕನ್ನಡಕದ ಅಂಗಡಿಗೆ ಮಂಡಳಿಯ ಗುಮಾಸ್ತರ ಫೋನು ಬಂತು. ಅರ್ಜಿ ತಲುಪಿದೆ, ಪರಿಶೀಲಿಸಿದ್ದೇವೆ, ಈಗ ಅಡ್ಡಿಲ್ಲೆ ಎಂದರು.